ತಿರುಗಿ ಬಂದ ಕರೆ

ಹ್ಯಾರೋ ಬೇ
ಸೆಪ್ಟೆಂಬರ್ 11

ಪ್ರೀತಿಯ ಅಪ್ಪ,

ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿ ನಿಮ್ಮ ಹಡಗಿನ ಪಕ್ಕಕ್ಕೆ ಬಂದು, ನೀನು ಹಗ್ಗಕ್ಕೆ ಬಕೆಟ್ ಕಟ್ಟಿ ಇಳಿಸಿ, ಈ ಕಾಗದ ಮೇಲಕ್ಕೆ ಬರುವ ಹೊತ್ತಿಗೆ ಇದರ ಸುದ್ದಿಯೆಲ್ಲ ಹಳಸಿರುತ್ತದೆ. ಆದರೂ ಬರೆಯುತ್ತೇನೆ. ದಡ ಹತ್ತಿರವಾದಾಗ ನೀನು ಫೋನ್ ಮಾಡಿದರೆ ಹಡಗಿನಲ್ಲಿ ನೀನು ಬೇಯಿಸುವ ಅಡುಗೆಮನೆಯಲ್ಲಿ ಕೂತ ಅಷ್ಟೂ ಜನ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಾರೆ. ಮೊನ್ನೆ ಯಾರೋ ಹಿಂದಿನಿಂದ "ಹುಡುಗ ಗಿಡುಗ ಸಿಕ್ಕಿದ್ನಾ ಕೇಳಯ್ಯಾ" ಎಂದು ಕೂಗಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು.

ಹುಡುಗ ಸಿಕ್ಕಿಲ್ಲ. ಕೋಣೆಯ ಜೊತೆಗಾತಿ ಸಿಕ್ಕಿದ್ದಾಳೆ. ಹೆಸರು ಕೋರಿನ್, ದಕ್ಷಿಣದ ಕಡೆಯವಳು, ಸ್ಯಾಗಿನಾ ಹತ್ತಿರ. ಮಾತು ಜಾಸ್ತಿ, ಮನಸ್ಸು ಒಳ್ಳೆಯದು, ಸಾಕ್ಸು ಎಲ್ಲೆಂದರಲ್ಲಿ. ನರ್ಸಿಂಗ್ ಓದುತ್ತಿರುವವರು ಹಾಸ್ಟೆಲಿನ ಈ ಮಹಡಿಯಲ್ಲಿ ನಾವಿಬ್ಬರೇ. ಅವಳು ಶನಿವಾರ ಕುಡಿಯುತ್ತಾಳೆ ಅಪ್ಪ. ಅವಳೊಬ್ಬಳೇ ಅಲ್ಲ, ಮಹಡಿಗೆ ಮಹಡಿಯೇ. ಕುಡಿಯಲು ಕಾನೂನು ಕೇಳುವ ಇಪ್ಪತ್ತೊಂದು ಒಬ್ಬರಿಗೂ ತುಂಬಿಲ್ಲ.

ಇಲ್ಲಿಯವರದೊಂದು ಪದ್ಧತಿ ಇದೆ, ಕೇಳಿದರೆ ನಗುತ್ತೀಯ. ಯಾರಾದರೂ ಪೂರ್ತಿ ಬಿದ್ದುಹೋದರೆ ಅವರ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಕಟ್ಟಿ ಮಲಗಿಸುತ್ತಾರೆ. ನಿದ್ದೆಯಲ್ಲಿ ಅಂಗಾತ ಹೊರಳಿ ವಾಂತಿ ಗಂಟಲಿಗೆ ಸಿಕ್ಕಿಕೊಳ್ಳಬಾರದಲ್ಲ, ಅದಕ್ಕೆ. ಎದೆಯ ಮೇಲೂ ಒಂದು ಪಟ್ಟಿ ಬಿಗಿಯುತ್ತಾರೆ. ನನ್ನ ರಸಾಯನಶಾಸ್ತ್ರದ ಪುಸ್ತಕ ಎಲ್ಲಕ್ಕಿಂತ ದಪ್ಪ, ಹಾಗಾಗಿ ಬೇಡಿಕೆ ಜಾಸ್ತಿ. ಕುಡಿಯದವಳು ನಾನೊಬ್ಬಳೇ ಆದ್ದರಿಂದ ಕಾವಲಿಗೂ ನನ್ನನ್ನೇ ಕೂರಿಸುತ್ತಾರೆ. ಮಹಡಿಯ ಯಜಮಾನಿಯಂತೆ ಮೆರೆಯುವ ಬ್ರೆನ್ನಾ ಎನ್ನುವವಳು "ನಮ್ ಚರ್ಚ್ ಕೋಳಿ ಇದಾಳೆ, ಯಾರಿಗೂ ಏನೂ ಆಗಲ್ಲ" ಅನ್ನುತ್ತಾಳೆ.

ಮೆಟ್ಟಿಲ ಬಳಿ ಒಂದು ಪೋಸ್ಟರ್ ಇದೆ. ಇಪ್ಪತ್ತೊಂದು ತುಂಬದವರು ಕುಡಿದಿದ್ದರೂ, ಯಾರದೋ ಪ್ರಾಣಕ್ಕೆ ಅಪಾಯ ಅಂತ ಆಂಬುಲೆನ್ಸ್‌ಗೆ ಕರೆ ಮಾಡಿದರೆ, ಕರೆ ಮಾಡಿದವರ ಮೇಲಾಗಲಿ ಕಾಯಿಲೆ ಬಿದ್ದವರ ಮೇಲಾಗಲಿ ಕೇಸಿಲ್ಲ, ಕಾನೂನೇ ಹಾಗಿದೆ ಅಂತ. ಯಾರೂ ನಂಬುವುದಿಲ್ಲ. ಹೋದ ವರ್ಷ ಒಬ್ಬ ಹುಡುಗ ನಂಬಿ ಕರೆ ಮಾಡಿ ಕಾಲೇಜನ್ನೇ ಕಳೆದುಕೊಂಡನಂತೆ. ಆ ಹುಡುಗನ ಹೆಸರು ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ.

ನನಗಂತೂ ಬೇರೆಯದೇ ಭಯ. ಶನಿವಾರ ಹಗಲು ನಮ್ಮ ಜಿಲ್ಲೆಯ ತುರ್ತು ಕರೆ ಎತ್ತುವವರು ಇಬ್ಬರೇ. ಒಂದು ಕುರ್ಚಿಯಲ್ಲಿ ಡ್ವೇಯ್ನ್, ಇನ್ನೊಂದರಲ್ಲಿ ಅಮ್ಮ. ಈ ಕಾಗದದ ಸುದ್ದಿ ಅಮ್ಮನಿಗೆ ಹೇಳಬೇಡ.

ನಿನ್ನ ಮಗಳು,
ಹಿಲ್ಮಾ

~

ಹ್ಯೂರಾನ್ ಸರೋವರದ ಮೇಲೆ
ಸೆಪ್ಟೆಂಬರ್ 24

ಹಿಲ್ಮಾ ಪುಟ್ಟಿ,

ನಿನ್ನ ಕಾಗದ ಬಕೆಟ್ಟಿನಲ್ಲಿ ಗಸ್‌ನ ಹಲ್ಲಿನ ಡಾಕ್ಟರ ಬಿಲ್ಲಿನ ಕೆಳಗೆ ಕೂತು ಬಂತು. ಗಸ್ ಅಂದರೆ ನಮ್ಮ ಮೊದಲನೇ ಅಧಿಕಾರಿ. ಬಿಲ್ಲು ನೋಡಿ ಅವನ ಮುಖ ಸಣ್ಣಗಾಯಿತು, ನಿನ್ನ ಕಾಗದ ನೋಡಿ ನನ್ನದು ಅಗಲವಾಯಿತು. ಆಮೇಲೆ ಓದಿದೆ.

ನಗು ಬರಲಿಲ್ಲ ಮಗಳೇ. ಬೆನ್ನಿಗೆ ಚೀಲ ಕಟ್ಟುವುದಂತೆ! ನಾಳೆ ಏನಾದರೂ ಆದರೆ ಕುಡಿದವರೆಲ್ಲ ಜಾಗ ಖಾಲಿ ಮಾಡುತ್ತಾರೆ, ಕುಡಿಯದ ನೀನು ಸಿಕ್ಕಿಬೀಳುತ್ತೀಯ. ಶನಿವಾರ ಬಂದರೆ ಗ್ರಂಥಾಲಯಕ್ಕೆ ಹೋಗಿ ಕೂತುಕೋ. ಆಗದಿದ್ದರೆ ಕೋಣೆ ಬದಲಿಸು. ನಮ್ಮ ಮನೆಗೆ ಒಂದು ಬಾಟಲಿ ಬಂದದ್ದಿಲ್ಲ, ನಮ್ಮ ಮನೆಯಿಂದ ಕಾಲೇಜಿಗೆ ಹೋದವರಲ್ಲಿ ನೀನೇ ಮೊದಲು. ಪೊಲೀಸರ ಬಾಯಲ್ಲಿ ನಿನ್ನ ಹೆಸರು ಬರುವುದು ಬೇಡ.

ಹಾಗಂತ ಬರೆದ ಮೇಲೆ ಮನಸ್ಸಿಗೆ ಸರಿಹೋಗಲಿಲ್ಲ, ಅದಕ್ಕೆ ಇನ್ನೊಂದು ಮಾತು. ಹಡಗಿನಿಂದ ಯಾರಾದರೂ ನೀರಿಗೆ ಬಿದ್ದರೆ ಮೊದಲು ನೋಡಿದವನಿಗೆ ಒಂದೇ ಕೆಲಸ. ಕೂಗಬೇಕು, ಬಿದ್ದವನ ಕಡೆ ಕೈ ಚಾಚಿ ತೋರಿಸುತ್ತಲೇ ಇರಬೇಕು. ಅವನು ಹಗ್ಗ ಹುಡುಕುವಂತಿಲ್ಲ, ತಾನೇ ಹಾರುವಂತಿಲ್ಲ, ಕಣ್ಣು ತೆಗೆಯುವಂತಿಲ್ಲ. ಕಣ್ಣು ತೆಗೆದರೆ ಅಲೆಗಳ ನಡುವೆ ಮನುಷ್ಯನ ತಲೆ ಮತ್ತೆ ಸಿಗುವುದಿಲ್ಲ. ಎತ್ತಿಕೊಳ್ಳುವ ಕೆಲಸ ಬೇರೆಯವರದು.

ಅಮ್ಮನಿಗೆ ಹೇಳುವುದಿಲ್ಲ. ಅವಳೂ ನನಗೇನು ಹೇಳುತ್ತಾಳೆ? ಕುರ್ಚಿಯಲ್ಲಿ ಕೇಳಿದ್ದನ್ನು ಮನೆಗೆ ತರುವಂತಿಲ್ಲ ಅನ್ನುವುದು ಅವರ ಆಫೀಸಿನ ನಿಯಮ, ನಿನ್ನ ಅಮ್ಮನಿಗೆ ಅದು ಧರ್ಮ. ಪಕ್ಕದ ಮನೆಯ ಹಾನ್ಸ್ ಅಜ್ಜ ಹೋದ ದಿನ ನೆನಪಿದೆಯಾ? ಅಜ್ಜಿಯ ಕರೆ ಎತ್ತಿದ್ದು ಅವಳೇ. ಸಂಜೆ ಬಂದು ಸೂಪು ಬಡಿಸಿ "ಉಪ್ಪು ಈ ಕಡೆ ಕೊಡು" ಅಂದಳು. ನಮಗೆ ಗೊತ್ತಾಗಿದ್ದು ಮರುದಿನ ಚರ್ಚಿನಲ್ಲಿ.

ಏಲಕ್ಕಿ ಬ್ರೆಡ್ಡು ಮಾಡಿದ್ದೆ. ನಿನ್ನ ಪಾಲಿನದನ್ನು ಗಸ್ ತಿಂದ.

ಅಪ್ಪ

~

ಹ್ಯಾರೋ ಬೇ
ಅಕ್ಟೋಬರ್ 3

ಅಪ್ಪ,

ಗ್ರಂಥಾಲಯಕ್ಕೆ ಹೋಗಿದ್ದೆ. ವಾಪಸು ಬರುವಾಗ ಕಾರಿಡಾರಿನಲ್ಲಿ ಇಬ್ಬರು ಬಿದ್ದುಕೊಂಡಿದ್ದರು, ಕೋರಿನ್ ಒಬ್ಬಳು. ಮೂರನೆಯವಳು ಅಳುತ್ತಾ, "ಎಲ್ಲೋಗಿದ್ಯೇ ಹಿಲ್ಮಾ, ಚೀಲ ಹ್ಯಾಗೆ ಕಟ್ಟೋದು ಅಂತ ನಮ್ಗೆ ಗೊತ್ತಾಗ್ಲಿಲ್ಲ" ಅಂದಳು. ಎಳೆದುಕೊಂಡು ಹೋಗಿ ಕಟ್ಟಿ ಮಲಗಿಸಿದೆ. ಕೋರಿನ್ ಗೊರಕೆಯನ್ನು ನೀನು ಕೇಳಬೇಕಿತ್ತು. ನಮ್ಮ ಮನೆಯ ಹಳೇ ಕಾಫಿ ಪಾತ್ರೆ ಒಲೆ ಮೇಲೆ ಗೊಳಗೊಳ ಅನ್ನುತ್ತದಲ್ಲ, ಹಾಗೆ. ಅಷ್ಟು ಗಾಢ ನಿದ್ದೆ. ಕೂಗಿದರೂ ಚಿವುಟಿದರೂ ಏಳಲಿಲ್ಲ. ಬೆಳಿಗ್ಗೆ ಎದ್ದು ಮೂರು ಮೊಟ್ಟೆ ತಿಂದಳು.

ಬರುವ ವಾರ ಹಳೇ ವಿದ್ಯಾರ್ಥಿಗಳು ಬರುವ ಶನಿವಾರ, ಫುಟ್‌ಬಾಲ್ ಪಂದ್ಯ. ಅಂದು ಬೆಳಗಿನ ತಿಂಡಿ ಜೊತೆಯೇ ಶುರು ಮಾಡುತ್ತಾರಂತೆ. ನನ್ನನ್ನೂ ಕರೆದಿದ್ದಾರೆ. ಸುಮ್ಮನೆ ಕೂತಿರಲು ಅಲ್ಲ, ಜೊತೆಗೆ. ಮೊದಲ ಸಲ ಯಾರೋ ನನ್ನನ್ನು ಕಾವಲಿಗಲ್ಲದೆ ಕರೆದದ್ದು.

ಏನೂ ತಪ್ಪು ತಿಳಿಯಬೇಡ. ಸುಮ್ಮನೆ ಬರೆದೆ.

ಹಿಲ್ಮಾ

~

ಡೆಟ್ರಾಯಿಟ್ ನದಿಯ ಬಾಯಿಗೆ ಬರುತ್ತಾ
ಅಕ್ಟೋಬರ್ 12

ಹಿಲ್ಮಾ,

ಬೇರೆ ಕೆಲಸ ಬಿಟ್ಟು ಇದನ್ನು ಮೊದಲು ಓದು.

ಆ ಗೊಳಗೊಳ ನಿದ್ದೆಯಲ್ಲ. ನಿನ್ನ ಕಾಗದ ಇವತ್ತು ಬೆಳಿಗ್ಗೆ ಸರಕು ಇಳಿಸಿದ ಬಂದರಿನಲ್ಲಿ ಕೈಗೆ ಬಂತು. ಓದಿ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ನೀನು ಕುಡಿದವರನ್ನು ಕಂಡವಳಲ್ಲ, ನಿನಗೆ ಅದು ಗೊರಕೆ. ನಾನು ಕಂಡಿದ್ದೇನೆ. ಒಂದು ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿ ಹಡಗನ್ನು ದಡಕ್ಕೆ ಕಟ್ಟಿದ್ದಾಗ ನನ್ನ ಮೇಲಿನ ಮಂಚದಲ್ಲಿ ಮಲಗಿದ್ದವನು ಹೀಗೆಯೇ ಗೊಳಗೊಳ ಅನ್ನುತ್ತಿದ್ದ. ಒಳ್ಳೇ ನಿದ್ದೆ ಹೊಡೀತಿದಾನೆ ಅಂತ ನಾವು ನಕ್ಕೆವು. ಸದ್ದು ನಿಂತಾಗ, ಅಬ್ಬ ಸದ್ಯ, ಗೊರಕೆ ನಿಂತಿತು ಅಂದೆವು.

ಗಂಟಲಿಗೆ ತನ್ನದೇ ಎಂಜಲನ್ನು ನುಂಗಲೂ ಆಗದ ಸ್ಥಿತಿ ಅದು. ಎಬ್ಬಿಸಿದರೂ ಏಳದಿದ್ದರೆ ಕರೆ ಮಾಡು. ಚೀಲ ಗೀಲ ಏನೂ ಕಾಯುವುದಿಲ್ಲ. ಪೋಸ್ಟರ್ ನಿಜ, ಗಸ್‌ನ ತಂಗಿ ವಕೀಲೆ, ಅವನ ಕೈಲಿ ಅವಳನ್ನು ಕೇಳಿಸಿದೆ. ಕರೆ ಮಾಡಿದವರ ಮೇಲೆ ಕೇಸು ನಿಲ್ಲುವುದಿಲ್ಲ. ನೀನು ಕುಡಿದಿದ್ದರೂ ಸರಿ, ನಾನೇನೂ ಕೇಳುವುದಿಲ್ಲ. ಅಮ್ಮ ಫೋನ್ ಎತ್ತಿದರೂ ಸರಿ. ಗ್ರಂಥಾಲಯಕ್ಕೆ ಹೋಗು ಅಂತ ಬರೆದದ್ದು ಭಯಕ್ಕೆ. ಅದನ್ನು ಹರಿದು ಹಾಕು.

ನಿನಗೆ ಮೂರು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ. ಅಂಚೆ ದೋಣಿ ಕಾಣುತ್ತಿದೆ. ಬಕೆಟ್ ಇಳಿಸಬೇಕು.

ಅಪ್ಪ

~

ಹ್ಯಾರೋ ಬೇ
ಅಕ್ಟೋಬರ್ 16

ಅಪ್ಪ,

ನಿನ್ನ ಕಾಗದ ಇವತ್ತು ಬಂತು. ಆಗಬೇಕಾದ್ದು ಶನಿವಾರವೇ ಆಗಿಹೋಗಿತ್ತು. ನೀನು ಫೋನ್ ಮಾಡಿದ್ದು ನೋಡಿದೆ. ಆಮೇಲೆ ನೀನು ಮತ್ತೆ ಮಾಡಿದಾಗ "ಚೆನ್ನಾಗಿದೀನಿ, ಕಾಗದ ಬರೀತೀನಿ" ಅಂದು ಇಟ್ಟುಬಿಟ್ಟೆ. ಹಿಂದಿನಿಂದ ಪಾತ್ರೆ ಸದ್ದು ಕೇಳಿಸುತ್ತಿತ್ತು, ಅಷ್ಟು ಜನರ ನಡುವೆ ನಿನಗೆ ಇದನ್ನು ಹೇಗೆ ಹೇಳಲಿ?

ನಾನು ಕುಡಿದೆ. ಮೊದಲು ಅದನ್ನೇ ಬರೆದು ಮುಗಿಸುತ್ತೇನೆ. ಬಟ್ಟೆ ತುಂಬುವ ಪ್ಲಾಸ್ಟಿಕ್ ಡಬ್ಬದಲ್ಲಿ ಹಣ್ಣಿನ ಹೋಳು ತೇಲುವ ಗುಲಾಬಿ ಬಣ್ಣದ ನೀರು ಮಾಡಿಟ್ಟಿದ್ದರು. ಎರಡು ಲೋಟ. ಶರಬತ್ತಿನ ಹಾಗೆ ಸಿಹಿಯಾಗಿತ್ತು. "ಕೋಳಿ ನೀರಿಗಿಳೀತು!" ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ಖುಷಿಯಾಯಿತು ಅಪ್ಪ, ಸುಳ್ಳು ಯಾಕೆ ಹೇಳಲಿ.

ಕೋರಿನ್ ಎಷ್ಟು ಕುಡಿದಳೋ ನೋಡಲಿಲ್ಲ. ಅದು ನನ್ನ ಕೆಲಸವಾಗಿತ್ತು, ಅಂದು ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿದ್ದಳು. ಚೀಲ ಕಟ್ಟಿ ಮಗ್ಗುಲಾಗಿ ಮಲಗಿಸಿದೆವು. ಪಂದ್ಯಕ್ಕೆ ಹೊತ್ತಾಯಿತು ಅಂತ ಎಲ್ಲರೂ ಹೊರಟರು. ನಾನು ಬ್ರೆನ್ನಾಳ ತೋಳು ಹಿಡಿದು, "ಯಾಕೋ ಬಣ್ಣ ಸರಿ ಇಲ್ಲ ಕಣೇ, ತುಟಿ ನೋಡು" ಅಂದೆ. ಅವಳು, "ಚೀಲ ಹಾಕಿದೀವಲ್ಲ, ಬಿಡು ಮಲಗ್ಲಿ. ಆಂಬುಲೆನ್ಸ್ ಗೀಂಬುಲೆನ್ಸ್ ಅಂದ್ರೆ ಮಹಡಿಗೆ ಮಹಡೀನೇ ಸಿಕ್ಕಾಕೊಳ್ಳುತ್ತೆ, ನಿನ್ ನರ್ಸಿಂಗೂ ಗೋತಾ" ಅಂದು ಹೋದಳು.

ಮಹಡಿ ಖಾಲಿ. ಕಿಟಕಿಯಿಂದ ಬಿಸಿಲು, ದೂರದಲ್ಲಿ ಬ್ಯಾಂಡು. ಕೋರಿನ್ ಗೊಳಗೊಳ ಅನ್ನುತ್ತಿದ್ದಳು. ಆಮೇಲೆ ಗೊಳಗೊಳ ನಿಂತಿತು. ನಾನು ಕಾದೆ. ತುಂಬ ಹೊತ್ತಾದ ಮೇಲೆ ಒಂದು ಉಸಿರು, ಮೀನು ನೀರಿಂದ ಆಚೆ ಬಂದಾಗ ಬಾಯಿ ತೆರೆಯುತ್ತದಲ್ಲ, ಹಾಗೆ. ಮತ್ತೆ ಏನೂ ಇಲ್ಲ.

ನನ್ನ ಫೋನಿಂದ ಮಾಡಿದರೆ ನಂಬರು ಅಮ್ಮನ ಕಣ್ಣ ಮುಂದೆ ಬರುತ್ತದೆ. ಹಾಗಾಗಿ ಕೋರಿನ್ ಫೋನ್ ತಗೊಂಡೆ. ಪ್ರಾಣ ಹೋಗುತ್ತಿರುವವಳ ಪಕ್ಕ ಕೂತು ನಾನು ಯೋಚಿಸಿದ್ದು ಇದನ್ನು. ಡ್ವೇಯ್ನ್ ಎತ್ತಲಿ, ದೇವರೇ ಡ್ವೇಯ್ನ್ ಎತ್ತಲಿ ಅಂದುಕೊಂಡೆ.

"ಒಂಬತ್ತು ಒಂದು ಒಂದು. ಎಲ್ಲಿಂದ ಮಾತಾಡ್ತಿದೀರಿ?"

ಅಮ್ಮ.

ಇಟ್ಟುಬಿಟ್ಟೆ. ಒಂದು ಮಾತೂ ಆಡದೆ ಇಟ್ಟುಬಿಟ್ಟೆ ಅಪ್ಪ.

ಕರೆ ಕಡಿದುಹೋದರೆ ಅವರೇ ತಿರುಗಿ ಮಾಡುತ್ತಾರೆ ಅನ್ನುವುದು ಆ ಕುರ್ಚಿಯವರ ಮಕ್ಕಳಿಗೆ ಗೊತ್ತಿರುತ್ತದೆ. ಫೋನ್ ಕೈಯಲ್ಲೇ ಹೊಡೆದುಕೊಳ್ಳಲು ಶುರುವಾಯಿತು. ಹೊಡೆದುಕೊಳ್ಳುತ್ತಲೇ ಇತ್ತು. ಆಗ ನಿನ್ನ ಹಡಗಿನ ಮಾತು ನೆನಪಾಯಿತು. ನೋಡಿದವಳು ನಾನೊಬ್ಬಳೇ, ನಾನು ಕೈ ಇಳಿಸಿಬಿಟ್ಟಿದ್ದೆ. ಎತ್ತಿದೆ. ದಕ್ಷಿಣದವರ ಹಾಗೆ ಮೂಗಿನಲ್ಲಿ ರಾಗ ಎಳೆದು, ಕೋರಿನ್ ಮಾತಾಡುವ ಹಾಗೆ ಮಾತಾಡಿದೆ.

ಅಮ್ಮ ಕಟ್ಟಡದ ಹೆಸರು ಕೇಳಿದಳು, ಮಹಡಿ ಕೇಳಿದಳು, "ಉಸಿರಾಡ್ತಿದಾಳಾ?" ಕೇಳಿದಳು. "ಬೆನ್ನಿಗೆ ಚೀಲ ಇದೆ" ಅಂದೆ. ಅಮ್ಮ, "ಅದನ್ನ ಬಿಚ್ಚಿ. ಎದೆ ಮೇಲಿನ ಪಟ್ಟಿ ಮೊದಲು ಬಿಚ್ಚಿ. ಬಿಚ್ಚಿದ್ರಾ?" ಗಂಟು ಬಿಗಿಯಾಗಿತ್ತು, ಕಟ್ಟಿದ್ದು ನಾನೇ. ಹಲ್ಲಿನಿಂದ ಕಚ್ಚಿ ಎಳೆದೆ.

"ಹೆಸರು?"

"ಹೆಸರು ಬೇಡ."

"ಆಯ್ತು, ಬೇಡ. ಅವಳನ್ನೇ ನೋಡ್ತಿರಿ. ಉಸಿರು ತಗೊಂಡಾಗಲೆಲ್ಲ ನಂಗೆ 'ಈಗ' ಅನ್ನಿ. ಬೇರೇನೂ ಹೇಳ್ಬೇಡಿ."

ಈಗ. ಎಷ್ಟೋ ಹೊತ್ತು ಬಿಟ್ಟು, ಈಗ. ಅಮ್ಮ ನನ್ನನ್ನು ನೀವು ಅನ್ನುತ್ತಿದ್ದಳು. ಯಾರೋ ಅಪರಿಚಿತಳ ಜೊತೆ ಮಾತಾಡುವ ಹಾಗೆ ಅಷ್ಟು ಮೆತ್ತಗೆ ಅವಳು ನನ್ನ ಜೊತೆ ಯಾವತ್ತೂ ಮಾತಾಡಿಲ್ಲ. ಒಂದು ಸಲ ಈಗ ಅನ್ನಲು ಏನೂ ಇರಲಿಲ್ಲ. ಆಗ ಅಂಗಾತ ಮಲಗಿಸಿ ಎದೆ ಒತ್ತುವುದನ್ನು ಹೇಳಿಕೊಟ್ಟಳು, ನನ್ನ ಜೊತೆ ತಾನೂ ಎಣಿಸಿದಳು. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದ ಮೇಲೆಯೇ "ಬಾಗಿಲು ತೆಗೀರಿ" ಅಂದದ್ದು.

ಆಂಬುಲೆನ್ಸಿನವರು ಒಳಗೆ ಬಂದರು, ನಾನು ಕಾರಿಡಾರಿಗೆ ಓಡಿದೆ. ಕಾಲೇಜಿನ ಪೊಲೀಸಿನವನು ಅಲ್ಲಿ ಸಿಕ್ಕ. ಹೊಸಬ, ನಮ್ಮ ಕಡೆಯವನಲ್ಲ. ಕೊಳವೆ ಊದಿಸಿದ, ಸಿಕ್ಕಿಬಿದ್ದೆ. "ಕರೆ ಮಾಡಿದ್ದು ಯಾರು?" ಅಂದ. ನಾನು ಗೋಡೆ ನೋಡಿದೆ. ಹೆಸರು ಬರೆದುಕೊಂಡು, ಅಪ್ರಾಪ್ತ ವಯಸ್ಸಿನಲ್ಲಿ ಕುಡಿದದ್ದಕ್ಕೆ ಅಂತ ಕೇಸಿನ ಚೀಟಿ ಹರಿದು ಕೊಟ್ಟ.

ಕೋರಿನ್ ಆಸ್ಪತ್ರೆಯಲ್ಲಿದ್ದಾಳೆ, ಗಂಟಲಲ್ಲಿ ಕೊಳವೆ. ಕಣ್ಣು ಬಿಟ್ಟಿಲ್ಲ. ಕೋಣೆಯಲ್ಲಿ ಅವಳ ಸಾಕ್ಸು ಹಾಗೇ ಬಿದ್ದಿದೆ, ಎತ್ತಿಡಲು ಭಯ. ಫೋನ್ ಇಟ್ಟು ಎತ್ತಿದ ಆ ಹೊತ್ತಿನಲ್ಲಿ ಎಷ್ಟು ಉಸಿರು ತಪ್ಪಿತೋ.

ಹಿಲ್ಮಾ

~

ಸುಪೀರಿಯರ್ ಸರೋವರದ ಮೇಲೆ
ಅಕ್ಟೋಬರ್ 28

ಪುಟ್ಟಿ,

ಫೋನಿನಲ್ಲಿ ನೀನು "ಕಣ್ಣು ಬಿಟ್ಟಳು" ಅಂದದ್ದು ಕೇಳಿ ಅಡುಗೆಮನೆಯ ಮೂಲೆಗೆ ಹೋಗಿ ಅತ್ತೆ. ಈರುಳ್ಳಿ ಹೆಚ್ಚುತ್ತಿದ್ದೆ ಅಂದೆ, ಗಸ್ ನಂಬಿದ. ಅಂದು ಈರುಳ್ಳಿಯ ಅಡುಗೆಯೇ ಇರಲಿಲ್ಲ.

ನೀನು ಕುಡಿದದ್ದಕ್ಕೆ ನನಗೆ ಬೇಜಾರಾಗಿದೆ. ಹೌದು, ಆಗಿದೆ. ಆದರೆ ಆ ಬೇಜಾರಿಗೆ ಆಮೇಲೆ ಪುರಸೊತ್ತು ಮಾಡಿಕೊಳ್ಳೋಣ.

ಗಸ್‌ನ ತಂಗಿಯನ್ನು ಮತ್ತೆ ಕೇಳಿದೆ. ಆ ಚೀಟಿ ನಿಲ್ಲುವುದಿಲ್ಲವಂತೆ. ಕರೆ ಮಾಡಿದವಳ ಮೇಲೆ ಕೇಸು ಹಾಕುವಂತೆಯೇ ಇಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹೋಗಿ "ಕರೆ ಮಾಡಿದ್ದು ನಾನು" ಅಂದು ತೋರಿಸಿದರೆ ಸಾಕು. ಸುಮ್ಮನೆ ತಪ್ಪೊಪ್ಪಿಕೊಂಡರೆ ಮಾತ್ರ ನಿನ್ನ ಹೆಸರಿನ ಮುಂದೆ ಅದು ಉಳಿಯುತ್ತದೆ, ನರ್ಸಿಂಗ್ ತರಬೇತಿಗೆ ಆಸ್ಪತ್ರೆಗೆ ಬಿಡುವ ಮುಂಚೆ ಅದನ್ನೆಲ್ಲ ನೋಡುತ್ತಾರೆ. ನೀನು ಆ ಓದು ಬಿಟ್ಟರೆ ನನಗೆ ಸಹಿಸಲು ಆಗುವುದಿಲ್ಲ.

ಅಮ್ಮನಿಗೆ ಗೊತ್ತಾಗಿದೆಯಾ ಅಂತ ಫೋನಿನಲ್ಲಿ ಕೇಳಿದ್ದೀಯ. ನನಗೆ ಗೊತ್ತಿಲ್ಲ. ನಿನ್ನೆ ಫೋನ್ ಮಾಡಿದ್ದೆ, ಗ್ಯಾರೇಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಅಂದಳು. ಅವಳ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ಬಾಗಿಲ ವಿಷಯ ಹೇಳುವಾಗ ಬಾಗಿಲ ಬಗ್ಗೆಯೇ ಹೇಳುತ್ತಿದ್ದಾಳಾ ಅಂತ ಇವತ್ತಿಗೂ ತಿಳಿಯುವುದಿಲ್ಲ.

ಅಪ್ಪ

~

ಹ್ಯಾರೋ ಬೇ
ನವೆಂಬರ್ 11

ಅಪ್ಪ,

ನಿನ್ನೆ ಕೋರಿನ್ ಅಪ್ಪ ಅಮ್ಮ ಬಂದು ಅವಳ ಸಾಮಾನು ತಗೊಂಡು ಹೋದರು. ಅವಳು ಕಾರಿನಲ್ಲಿ ಕೂತಿದ್ದಳು, ನಡೆಯುವಾಗ ಇನ್ನೂ ತೂರಾಡುತ್ತಾಳೆ. ಮುಂದಿನ ವರ್ಷ ಬರಬಹುದಂತೆ. ಅವಳ ಅಮ್ಮ ಕಾರಿಡಾರಿನಲ್ಲಿ ನಿಂತು ಒಬ್ಬೊಬ್ಬಳನ್ನೂ ಕೇಳಿದರು, "ಕರೆ ಮಾಡಿದ್ದು ನೀನಾ ಮಗೂ? ಯಾರಾದ್ರೂ ಹೇಳ್ರಮ್ಮಾ, ಅವಳ ಕೈ ಒಂದ್ಸಲ ಹಿಡ್ಕೋಬೇಕು ನಾನು." ನನ್ನ ಮುಂದೆಯೂ ನಿಂತರು. ನಾನು ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅವರು ಮುಂದಿನವಳ ಹತ್ತಿರ ಹೋದರು.

ತೋರಿಸಿದರೆ ಸಾಕು ಅಂತ ಬರೆದಿದ್ದೀಯ. ಹೇಗೆ ತೋರಿಸಲಿ? ಕರೆ ಹೋದದ್ದು ಕೋರಿನ್ ಫೋನಿನಿಂದ, ಹೆಸರಿಲ್ಲ, ದನಿಯೂ ನನ್ನದಲ್ಲ. ಉಳಿದಿರುವುದು ಕರೆಯ ಟೇಪ್ ಒಂದೇ. ಅದನ್ನು ಕಳಿಸಿ ಅಂತ ಅರ್ಜಿ ಹೋಗುವುದು ಅಮ್ಮನ ಆಫೀಸಿಗೆ, ನನ್ನ ಹೆಸರು ಹೊತ್ತುಕೊಂಡು. ಫೋನ್ ಇಟ್ಟವಳು ನಾನು ಅಂತ ಅವಳಿಗೆ ಅಲ್ಲಿ ಗೊತ್ತಾಗುತ್ತದೆ. ಪ್ರಾಣ ಹೋಗುವಾಗ ಫೋನ್ ಇಡುವವರ ಬಗ್ಗೆ ಅವಳ ಮುಖ ಹೇಗಾಗುತ್ತದೆ ಅಂತ ನೀನೂ ನೋಡಿದ್ದೀಯ. ಕಾನೂನು ಪೊಲೀಸರಿಂದ ಕಾಯುತ್ತದೆ ಅಪ್ಪ, ಅಮ್ಮನಿಂದ ಕಾಯುವ ಕಾನೂನು ಇಲ್ಲ.

ಹೋದ ಭಾನುವಾರ ಮನೆಗೆ ಹೋಗಿದ್ದೆ. ಮೀನಿನ ಸೂಪು ಮಾಡಿದ್ದಳು. "ಓದು ಹ್ಯಾಗಿದೆ?" ಅಂದಳು. "ಚೆನ್ನಾಗಿದೆ" ಅಂದೆ. "ಜೊತೆಗಿದ್ದ ಹುಡುಗಿ?" ಅಂದಳು. ಚಮಚ ಅಲ್ಲೇ ನಿಂತಿತು. "ಊರಿಗೆ ಹೋಗ್ತಾಳಂತೆ" ಅಂದೆ. "ಸರಿ, ಇನ್ನೊಂದ್ಸ್ವಲ್ಪ ಹಾಕ್ಕೋ" ಅಂದಳು, ಅಷ್ಟೇ.

ಮಲಗಿದ ಮೇಲೆ ನನ್ನ ಕೋಣೆಯ ಬಾಗಿಲು ಮೆಲ್ಲಗೆ ತೆರೆಯಿತು. ಅಮ್ಮ ಬಂದು ನಿಂತಳು. ಒಳಗೂ ಬರಲಿಲ್ಲ, ಹೋಗಲೂ ಇಲ್ಲ. ನಾನು ನಿದ್ದೆ ಬಂದವಳ ಹಾಗೆ ಬಿದ್ದುಕೊಂಡಿದ್ದೆ. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಅಂತ ಕಾದೆ. ಕೇಳದೆ ಹೋದಳು. ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ನಾನು ತಪ್ಪೊಪ್ಪಿಕೊಂಡುಬಿಡುತ್ತೇನೆ. ನರ್ಸಿಂಗ್ ಇಲ್ಲದಿದ್ದರೆ ಬೇರೇನಾದರೂ ಓದಿದರಾಯಿತು.

ಹಿಲ್ಮಾ

~

ಸೂ ಲಾಕ್ಸ್, ಕಾಲುವೆ ದಾಟುವ ಹಡಗುಗಳ ಸಾಲಿನಲ್ಲಿ ಕಾಯುತ್ತಾ
ನವೆಂಬರ್ 19

ಹಿಲ್ಮಾ,

ಇಲ್ಲ.

ದೊಡ್ಡ ಕಾಗದ ಬರೆದು ಹರಿದು ಹಾಕಿದೆ. ಹೇಳಬೇಕಾದ್ದು ಇಷ್ಟೇ. ನೀರಿಗೆ ಬಿದ್ದವನು ಮೇಲೆ ಬಂದ ಮೇಲೂ, ಕೈ ತೋರಿಸಿದವನು ಕೈ ಇಳಿಸುವುದಿಲ್ಲ. ಯಾರಾದರೂ ಬಂದು ಭುಜ ಮುಟ್ಟಿ "ಸಿಕ್ಕಿದ ಕಣೋ, ಸಾಕು" ಅನ್ನಬೇಕು. ಅಲ್ಲಿಯವರೆಗೆ ಅವನ ತೋಳು ಹಾಗೇ ಇರುತ್ತದೆ, ಕಲ್ಲಿನ ಹಾಗೆ. ನಿನ್ನ ಭುಜ ಇನ್ನೂ ಯಾರೂ ಮುಟ್ಟಿಲ್ಲ. ಆ ಹೆಂಗಸು ಕೈ ಹಿಡಿಯಬೇಕು ಅಂತ ಬಂದರೆ ನೀನು ಬಿಡಲಿಲ್ಲ.

ಅಮ್ಮನಿಗೆ ಹೆದರುವವಳು ನೀನೊಬ್ಬಳೇ ಅಲ್ಲ, ಈ ಹಡಗಿನಲ್ಲಿ ಇನ್ನೊಬ್ಬ ಇದ್ದಾನೆ. ಆದರೂ ಹೇಳುತ್ತೇನೆ, ಟೇಪ್ ತರಿಸು.

ಅಪ್ಪ

~

ಹ್ಯಾರೋ ಬೇ
ಡಿಸೆಂಬರ್ 6

ಅಪ್ಪ,

ತರಿಸಿದೆ. ಇವತ್ತು ಮುಗಿಯಿತು.

ಸಣ್ಣ ಕೋಣೆ. ಮ್ಯಾಜಿಸ್ಟ್ರೇಟ್ ವಯಸ್ಸಾದ ಹೆಂಗಸು, ಶೀತವಾಗಿತ್ತು, ಮೇಜಿನ ಮೇಲೆ ಕರವಸ್ತ್ರದ ಡಬ್ಬ. ಸರ್ಕಾರಿ ವಕೀಲ, ನಾನು, ಟೇಪ್ ಹಾಕುವ ಹುಡುಗಿ. ಅಮ್ಮ ಇರಲಿಲ್ಲ. ಬರುತ್ತಾಳೆ ಅಂತ ಬಾಗಿಲನ್ನೇ ನೋಡುತ್ತಿದ್ದೆ. "ಕರೆ ಮಾಡಿದ್ದು ನೀನೇ ಅಂತೀಯ. ಇದರಲ್ಲಿರೋದು ನಿನ್ನ ದನೀನಾ ಕೇಳು" ಅಂದರು ಮ್ಯಾಜಿಸ್ಟ್ರೇಟ್.

ಮೊದಲು ಅಮ್ಮನ ದನಿ, "ಎಲ್ಲಿಂದ ಮಾತಾಡ್ತಿದೀರಿ?" ಆಮೇಲೆ ನಾನು ಒಂದು ಸಲ ಉಸಿರು ಎಳೆದುಕೊಂಡದ್ದು. ಆಮೇಲೆ ಟಕ್. ನನ್ನ ತಲೆ ತಗ್ಗಿತು.

ಅಮ್ಮ ತಿರುಗಿ ಕರೆ ಮಾಡಿದ್ದೂ ಅದರಲ್ಲಿದೆ ಅಪ್ಪ. ನಾನು ಎತ್ತಿದ ಮೇಲಿನದಷ್ಟೇ ಇರುತ್ತದೆ ಅಂದುಕೊಂಡಿದ್ದೆ. ಅವರ ಕಡೆ ನಂಬರು ಒತ್ತಿದ ಗಳಿಗೆಯಿಂದಲೇ ಟೇಪ್ ಓಡುತ್ತದಂತೆ. ಗಂಟೆ ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳುತ್ತಿದೆ, ಅದರ ಹಿಂದೆ ಯಾರೋ ಪಿಸುಗುಡುತ್ತಿದ್ದಾರೆ. ಹುಡುಗಿ ಸದ್ದು ಜಾಸ್ತಿ ಮಾಡಿದಳು.

"ಎತ್ತು. ಎತ್ತು ಹಿಲ್ಮಾ. ಎತ್ತು ನನ್ನ ಕಂದಾ, ಎತ್ತು."

ಆಮೇಲೆ ನನ್ನ ಆ ಕೆಟ್ಟ ರಾಗದ ಹಲೋ. ಆಮೇಲೆ ಅಮ್ಮನ ಕುರ್ಚಿಯ ದನಿ, "ಎಲ್ಲಿಂದ ಮಾತಾಡ್ತಿದೀರಿ?"

ಮ್ಯಾಜಿಸ್ಟ್ರೇಟ್ ಕರವಸ್ತ್ರ ತಗೊಂಡರು, ಮೂಗಿಗೋ ಕಣ್ಣಿಗೋ ಗೊತ್ತಿಲ್ಲ. "ಹಿಲ್ಮಾ ಅನ್ನೋದು ನೀನೇ ಅಲ್ವಾ?" ಅಂದರು. ಹೌದು ಅಂತ ತಲೆ ಆಡಿಸಿದೆ. ಚೀಟಿ ರದ್ದು ಅಂತ ಬರೆದರು.

ಹೊರಗೆ ಬಂದು ಕೋರಿನ್ ಅಮ್ಮನಿಗೆ ಫೋನ್ ಮಾಡಿದೆ, ನಾನೇ ಅಂದೆ. ಅವರು ಬೈಯಲಿಲ್ಲ.

ನಮ್ಮಮ್ಮನಿಗೆ ಇನ್ನೂ ಮಾಡಿಲ್ಲ. ಏನಂತ ಶುರು ಮಾಡಲಿ?

ಹಿಲ್ಮಾ

~

ಮನೆಯಿಂದ
ಡಿಸೆಂಬರ್ 9

ಹಿಲ್ಮಾಳಿಗೆ,

ನಾನು ಕಾಗದ ಬರೆಯುವವಳಲ್ಲ, ನೀನೂ ನಿಮ್ಮಪ್ಪನೂ ಬರೆದುಕೊಳ್ಳುವುದು ನನಗೆ ಗೊತ್ತು. ಕುರ್ಚಿಯಲ್ಲಿ ಕೇಳಿದ್ದನ್ನು ನಾನು ಆಡುವಂತಿಲ್ಲ. ಈಗ ಅದನ್ನು ಮ್ಯಾಜಿಸ್ಟ್ರೇಟರ ಮುಂದೆ ಎಲ್ಲರೂ ಕೇಳಿದ್ದಾರೆ. ಆಡಬಹುದಾ ಅಂತ ಮೇಲಿನವರನ್ನು ಕೇಳಿದೆ, ಒಂದು ಸಲ ಆಡು ಅಂದರು. ಈ ಒಂದು ಸಲ ಬರೆಯುತ್ತೇನೆ.

ಆ ಒಂದು ಉಸಿರಿನಲ್ಲೇ ನೀನು ಅಂತ ಗೊತ್ತಾಯಿತು. ಹುಟ್ಟಿದಂದಿನಿಂದ ಕೇಳಿದ ಉಸಿರು, ಅಳುವ ಮುಂಚೆ ನೀನು ಹಾಗೇ ಎಳೆದುಕೊಳ್ಳುತ್ತೀಯ. ನಂಬರು ಗೊತ್ತಿಲ್ಲದ್ದು, ಆದರೆ ಪರದೆಯ ಮೇಲೆ ನಿನ್ನ ಹಾಸ್ಟೆಲ್ ಕಟ್ಟಡ. ಫೋನ್ ಕಡಿಯಿತು. ಬಿದ್ದಿರುವುದು ನೀನು, ಕೈಯಿಂದ ಫೋನ್ ಜಾರಿತು ಅಂದುಕೊಂಡೆ. ಡ್ವೇಯ್ನ್‌ಗೆ ಕೈ ಸನ್ನೆ ಮಾಡಿದೆ, ಗಾಡಿ ಆಗಲೇ ಹೊರಟಿತು. ನೀನು ಎತ್ತುವವರೆಗೂ ನನಗೆ ಮಗಳು ಇರಲಿಲ್ಲ.

ಎತ್ತಿ ಬೇರೆ ದನಿ ಮಾಡಿದೆ. ನೀನು ಕುಡಿದಿದ್ದೀಯ, ನನಗೆ ಹೆದರಿದ್ದೀಯ, ಎರಡೂ ತಿಳಿಯಿತು. ಹೆಸರು ಹಿಡಿದು ಕರೆದಿದ್ದರೆ ನೀನು ಮತ್ತೆ ಇಟ್ಟುಬಿಡುತ್ತಿದ್ದೆ. ಆ ಹುಡುಗಿ ಹೋಗುತ್ತಿದ್ದಳು. ಅದಕ್ಕೇ ಯಾರೋ ಆಗಿದ್ದೆ. ಗಾಡಿ ಬಂದ ಮೇಲೆ ಎದ್ದು ಬಚ್ಚಲಿಗೆ ಹೋದೆ, ಡ್ವೇಯ್ನ್ ನನ್ನ ಕರೆಗಳನ್ನೂ ಎತ್ತಿದ.

ನನ್ನ ಮಗಳಿಗೆ ಸಾವಿಗಿಂತ ನನ್ನ ದನಿಗೆ ಭಯ ಜಾಸ್ತಿಯಾಯಿತಲ್ಲ ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ. ಕುಡಿದದ್ದಕ್ಕೆ ನಿನ್ನನ್ನು ಬೈಯುವುದಿದೆ, ಬೈಯುತ್ತೇನೆ. ಅದು ಮನೆಯಲ್ಲಿ, ಊಟ ಆದ ಮೇಲೆ.

ನೀನು ಭಾನುವಾರ ಬಂದಾಗ ಬಾಗಿಲಲ್ಲಿ ನಿಂತಿದ್ದು ಏನೂ ಕೇಳುವುದಕ್ಕಲ್ಲ. ನಿನ್ನ ಉಸಿರು ಕೇಳುವುದಕ್ಕೆ. ನೀನು ಎಚ್ಚರ ಇದ್ದೀಯ ಅಂತ ಗೊತ್ತಿತ್ತು, ಎಚ್ಚರ ಇದ್ದವರ ಉಸಿರೇ ಬೇರೆ. ಆದರೂ ನಿಂತೆ. ಪ್ರತಿ ಉಸಿರಿಗೂ ಮನಸ್ಸಿನಲ್ಲೇ ಈಗ, ಈಗ ಅಂದುಕೊಂಡು ನಿಂತಿದ್ದೆ.

ಕ್ರಿಸ್‌ಮಸ್‌ಗೆ ಬೇಗ ಬಾ. ಗ್ಯಾರೇಜಿನ ಬಾಗಿಲು ಸರಿ ಮಾಡಿಸಿದ್ದೇನೆ.

ಅಮ್ಮ